ಮಗಳ ಹುಟ್ಟುಹಬ್ಬಕ್ಕೆ ಆಟದ ಮನೆ ಹುಡುಕಿದ್ದು

ಮಗಳ ಮೂರನೆಯ ಹುಟ್ಟುಹಬ್ಬದ ಫೋಟೊಗಳಲ್ಲಿ ಮಗಳೇ ಇಲ್ಲ. ಕೇಕ್ ಇದೆ, ಬಲೂನಿನ ಕಮಾನು ಇದೆ, ಹೊಸ ಬಟ್ಟೆ ತೊಟ್ಟ ನಾವೆಲ್ಲ ಇದ್ದೇವೆ. ಅವಳು ಮಾತ್ರ ಕೇಕ್ ಇಟ್ಟ ಮೇಜಿನ ಅಡಿಯಲ್ಲಿ, ಇಳಿಬಿಟ್ಟ ಬಟ್ಟೆಯ ಹಿಂದೆ, ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಕುಳಿತಿದ್ದಳು. ಹಾಲ್‌ನವರು ಆಳೆತ್ತರದ ಎರಡು ಸ್ಪೀಕರ್ ನಿಲ್ಲಿಸಿದ್ದರು. "ಬಾ ಪುಟ್ಟಿ, ಎಲ್ಲರೂ ನಿನಗಾಗಿಯೇ ಬಂದದ್ದಲ್ಲವಾ" ಎಂದು ನಾನು ಅವಳ ಕೈ ಹಿಡಿದು ಎಳೆದೆ. ಅವಳು ಅಳಲಿಲ್ಲ, ಮೈಯನ್ನು ಕೊರಡಿನಂತೆ ಬಿಗಿದುಕೊಂಡಳು. ಆ ಬಿಗಿತವನ್ನು ನಾನು ಮರೆತಿಲ್ಲ.

ಈ ವರ್ಷ ನಾಲ್ಕು ತುಂಬುತ್ತಿತ್ತು. ಹುಟ್ಟಿದ್ದು ಜುಲೈ ಕೊನೆಯಲ್ಲಿ, ತುಳುನಾಡಿನ ಆಟಿ ತಿಂಗಳ ನಟ್ಟನಡುವೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಪಣಂಬೂರು, ತಣ್ಣೀರುಬಾವಿಯ ಕಡಲ ತೀರಗಳ ಮಾತೇ ಇಲ್ಲ. ಕದ್ರಿ ಪಾರ್ಕಿನ ಜಾರುಬಂಡಿಯ ಮೇಲೆ ನೀರು ಹರಿಯುತ್ತಿರುತ್ತದೆ. ಪಿಲಿಕುಳಕ್ಕೆ ಹೋದರೆ ಕೊಡೆ ಹಿಡಿದುಕೊಂಡೇ ತಿರುಗಬೇಕು. ನಮ್ಮದು ಬಿಜೈಯಲ್ಲಿ ನಾಲ್ಕನೆಯ ಮಹಡಿಯ ಫ್ಲ್ಯಾಟ್. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಚೆನ್ನಾಗಿ ಓಡಿ ಕುಣಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಳೆಗಾಲದ ಫ್ಲ್ಯಾಟಿನಲ್ಲಿ ಅಷ್ಟು ಹೊತ್ತು ಆಡಿಸಲು ಸೋಫಾ ಒಂದೇ ಗತಿ. ಹಾಗಾಗಿ ಊರಿನಲ್ಲಿ ಈಗ ಅಲ್ಲಲ್ಲಿ ತೆರೆದಿರುವ ಒಳಾಂಗಣ ಆಟದ ಮನೆಗಳಲ್ಲಿ ಒಂದನ್ನು ಆರಿಸೋಣ, ಹುಟ್ಟುಹಬ್ಬವನ್ನೂ ಅಲ್ಲೇ ಮಾಡೋಣ, ಆಮೇಲೆಯೂ ವಾರಕ್ಕೊಮ್ಮೆ ಹೋಗೋಣ ಎಂದು ನಾನೂ ಗಂಡನೂ ಮಾತನಾಡಿಕೊಂಡೆವು. "ಸೆನ್ಸರಿ ಪ್ಲೇ" ಎಂಬ ಹಲಗೆ ಈಗ ಎಲ್ಲದರ ಮೇಲೂ ಇರುತ್ತದೆ. ಅದರ ಅರ್ಥವೇನು ಎಂಬುದನ್ನು ಮೊದಲು ತಿಳಿಯಬೇಕಿತ್ತು.

ತಿಳಿಸಿದ್ದು ಮಗಳ ಪ್ಲೇ ಸ್ಕೂಲಿನ ಟೀಚರ್ ಮತ್ತು ಅವರು ಕಳುಹಿಸಿದ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಚಟುವಟಿಕೆಗಳಲ್ಲಿ ನೆರವಾಗುವ ಚಿಕಿತ್ಸಕರು. ಟೀಚರ್ ಗಮನಿಸಿದ್ದು ಇಷ್ಟು: ಬಣ್ಣಕ್ಕೆ ಕೈ ಅದ್ದುವುದಿಲ್ಲ, ಗಂಟೆ ಹೊಡೆದರೆ ಕಿವಿ ಮುಚ್ಚುತ್ತಾಳೆ, ಆದರೆ ತರಗತಿಯ ಕುರ್ಚಿಗಳನ್ನೆಲ್ಲ ತಾನೇ ತಳ್ಳಿ ಸಾಲಾಗಿ ಇಡುತ್ತಾಳೆ. ಥೆರಪಿಸ್ಟ್ ಒಂದು ಗಂಟೆ ಅವಳೊಂದಿಗೆ ನೆಲದ ಮೇಲೆ ಕುಳಿತರು. ಇದಕ್ಕೆ ಕಾಯಿಲೆಯ ಹೆಸರು ಕೊಡುವ ಅಗತ್ಯ ಈಗ ಕಾಣುವುದಿಲ್ಲ, ಮಗುವಿನ ರೀತಿ ಹೀಗೆ, ಅದಕ್ಕೆ ತಕ್ಕಂತೆ ನೀವು ನಡೆದುಕೊಳ್ಳಿ ಎಂದರು. ಆಮೇಲೆ ವಿವರಿಸಿದರು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ನಮಗೆ ಗೊತ್ತು. ಇವಲ್ಲದೆ ಒಳಕಿವಿಯಲ್ಲಿ ಸಮತೋಲನವನ್ನು ಅರಿಯುವ ಅಂಗವಿದೆ. ತೂಗಿದಾಗ, ತಿರುಗಿದಾಗ, ಜಾರಿದಾಗ ಕೆಲಸ ಮಾಡುವುದು ಅದು. ಸ್ನಾಯುಗಳಲ್ಲೂ ಕೀಲುಗಳಲ್ಲೂ ಇನ್ನೊಂದು ಅರಿವಿದೆ. ಕಣ್ಣು ಮುಚ್ಚಿದರೂ ಕೈ ಎಲ್ಲಿದೆ, ಎಷ್ಟು ಬಲ ಹಾಕಬೇಕು ಎಂದು ತಿಳಿಯುವುದು ಅದರಿಂದ. ಈ ಅರಿವುಗಳಿಗೆಲ್ಲ ಕೆಲಸ ಕೊಡುವ ಆಟವೇ ಸೆನ್ಸರಿ ಪ್ಲೇ. ಇವೆಲ್ಲ ಮಿದುಳಿನಲ್ಲಿ ಹೊಂದಿಕೊಂಡು ಬರಬೇಕು ಎಂಬ ವಿಚಾರವನ್ನು 1960 ಮತ್ತು 70ರ ದಶಕಗಳಲ್ಲಿ ಬೆಳೆಸಿದವರು ಅಮೆರಿಕದ ಜೀನ್ ಏರ್ಸ್. ಅವರೂ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದವರು. ಭಾರ ತಳ್ಳುವುದು, ಎಳೆಯುವುದು, ಹೊರುವುದು ಅನೇಕ ಮಕ್ಕಳನ್ನು ಶಾಂತಗೊಳಿಸುತ್ತದೆ. ಕುರ್ಚಿ ತಳ್ಳುವಾಗ ನನ್ನ ಮಗಳು ತುಂಟತನ ಮಾಡುತ್ತಿರಲಿಲ್ಲ, ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುತ್ತಿದ್ದಳು.

ಮನೆಗೆ ಬಂದು ಅವಳನ್ನು ಹೊಸ ಕಣ್ಣಿನಿಂದ ನೋಡಿದೆ. ಅಡುಗೆಮನೆಯಲ್ಲಿ ಕುಚ್ಚಲಕ್ಕಿಯ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಓಡಿ ಬಂದು ಮೊಣಕೈವರೆಗೆ ಕೈ ಇಳಿಸುತ್ತಾಳೆ. ಅಲುಗಾಡಿಸುವುದಿಲ್ಲ. ಅಕ್ಕಿಯ ಭಾರ ಕೈಯ ಸುತ್ತ ಕೂರುವವರೆಗೆ ಸುಮ್ಮನೆ ನಿಂತಿರುತ್ತಾಳೆ, ಆಮೇಲೆ ಬೆರಳುಗಳನ್ನು ಒಂದೊಂದಾಗಿ ತೆರೆಯುತ್ತಾಳೆ. ಅದೇ ನೀರುದೋಸೆಯ ಹಿಟ್ಟು ಒಂದು ಹನಿ ಸಿಡಿದರೂ ಕೈ ತೊಳೆಯುವವರೆಗೆ ನೆಮ್ಮದಿಯಿಲ್ಲ.

ಪುತ್ತೂರಿನ ಬಳಿಯ ಊರಮನೆಯಿಂದ ಬಂದಿದ್ದ ನನ್ನ ಅತ್ತೆಗೆ ಈ ಓಡಾಟ ಹಿಡಿಸಲಿಲ್ಲ. "ಅಂಗಳ ಒಂದು ಇದ್ದಿದ್ದರೆ ನಿಮಗೆ ಈ ಖರ್ಚೇ ಇರಲಿಲ್ಲ" ಎಂದರು. ನನ್ನ ಗಂಡನೂ ಅವರ ಅಕ್ಕಂದಿರೂ ಬೆಳೆದದ್ದು ಅಡಿಕೆ ತೋಟದ ಅಂಚಿನಲ್ಲಿ. ಬಿದ್ದ ಅಡಿಕೆ ಹಾಳೆಯಲ್ಲಿ ಒಬ್ಬರು ಕೂರುವುದು, ಸೋಗೆಯ ದಂಟನ್ನು ಹಿಡಿದು ಇನ್ನೊಬ್ಬರು ಅಂಗಳದ ಸುತ್ತ ಎಳೆಯುವುದು. ತಿರುವಿನಲ್ಲಿ ಉರುಳಿ ಬೀಳುವುದು, ಮತ್ತೆ ಏರಿ ಕೂರುವುದು. ಥೆರಪಿಸ್ಟ್ ಹೇಳಿದ್ದೆಲ್ಲ ಆ ಒಂದು ಹಾಳೆಯಲ್ಲಿತ್ತಲ್ಲ ಎಂದು ನನಗೆ ಅನ್ನಿಸಿತು: ಕೂತವನಿಗೆ ಸಮತೋಲನ, ಎಳೆಯುವವನಿಗೆ ಭಾರ. ಅತ್ತೆ ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ತಟ್ಟಿತು. ಗಂಡನ ದೊಡ್ಡಕ್ಕನೂ ಚಿಕ್ಕವಳಿದ್ದಾಗ ಗದ್ದಲ ತಡೆಯುತ್ತಿರಲಿಲ್ಲವಂತೆ. ಮನೆಯಲ್ಲಿ ಕಾರ್ಯಕ್ರಮವಾದರೆ ದನದ ಹಟ್ಟಿಯ ಹಿಂದೆ ಹೋಗಿ ಕೂರುತ್ತಿದ್ದಳಂತೆ. "ಯಾರೂ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಹಸಿವಾದಾಗ ಅವಳೇ ಬರುತ್ತಿದ್ದಳು." ಆಟದ ಮನೆಯಲ್ಲಿ ನಾನು ಹುಡುಕಬೇಕಾದದ್ದು ಆ ಹಟ್ಟಿಯ ಹಿಂಭಾಗವನ್ನು ಎಂದು ಅಂದೇ ಗೊತ್ತಾಯಿತು.

ಮೊದಲು ಹೋದದ್ದು ಒಂದು ಮಾಲ್‌ನ ಮೇಲಿನ ಮಹಡಿಗೆ. ಭಾನುವಾರ ಸಂಜೆ. ಒಳಗೆ ಕಾಲಿಡುವ ಮೊದಲೇ ಹಾಡು, ಅದರ ಮೇಲೆ ಆಟದ ಯಂತ್ರಗಳ ಗಂಟೆ, ಅದರ ಮೇಲೆ ಮಕ್ಕಳ ಕೂಗು. ಮೊಬೈಲ್‌ನಲ್ಲಿ ಸದ್ದು ಅಳೆಯುವ ಆಪ್ ಹಾಕಿಕೊಂಡಿದ್ದೆ. ಅದು ಪ್ರಯೋಗಾಲಯದ ಮಾಪಕವಲ್ಲ, ಅಂದಾಜು ಮಾತ್ರ, ಆದರೂ 85ರಿಂದ 90 ಡೆಸಿಬಲ್ ನಡುವೆ ಕುಣಿಯುತ್ತಿತ್ತು. ನಮ್ಮ ದೇಶದ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55. ಡೆಸಿಬಲ್ ಲೆಕ್ಕದಲ್ಲಿ ಪ್ರತಿ ಹತ್ತು ಏರಿದಾಗ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಮಗಳು ನನ್ನ ಚೂಡಿದಾರದ ಶಾಲಿನೊಳಗೆ ತಲೆ ಹುದುಗಿಸಿದಳು. ಟ್ರ್ಯಾಂಪೊಲಿನ್ ಮೇಲೆ ಏಳು ಮಕ್ಕಳು ಒಟ್ಟಿಗೆ ಜಿಗಿಯುತ್ತಿದ್ದರು, ಅವರಲ್ಲಿ ಒಬ್ಬನಿಗೆ ಹನ್ನೆರಡಾದರೂ ಇರಬೇಕು, ಇನ್ನೊಬ್ಬಳಿಗೆ ಎರಡು. ದೊಡ್ಡವನು ಇಳಿದ ರಭಸಕ್ಕೆ ಚಿಕ್ಕವಳು ಮೇಲಕ್ಕೆ ಎಸೆಯಲ್ಪಡುತ್ತಾಳೆ. ಒಂದು ಸಲಕ್ಕೆ ಒಬ್ಬರೇ ಜಿಗಿಯಬೇಕು, ಆರು ವರ್ಷದೊಳಗಿನವರಿಗೆ ಅಪಾಯ ಹೆಚ್ಚು ಎಂದು ಮಕ್ಕಳ ವೈದ್ಯರು ಎಚ್ಚರಿಸುವುದು ಇದಕ್ಕೇ. ನಿಗಾ ವಹಿಸಬೇಕಾದ ಹುಡುಗ ಮೊಬೈಲ್ ನೋಡುತ್ತಿದ್ದ. ಇಪ್ಪತ್ತು ನಿಮಿಷದಲ್ಲಿ ಹೊರಬಂದೆವು. ಕೊಟ್ಟ ಟಿಕೆಟಿನ ಹಣ ಹೋದರೆ ಹೋಗಲಿ ಎನ್ನಿಸಿತು.

ಎರಡನೆಯದನ್ನು ಒಬ್ಬ ಗೆಳತಿ ಸೂಚಿಸಿದ್ದಳು. "ಎಷ್ಟು ಚಂದ ಉಂಟು ಮಾರಾಯ್ತಿ, ಫೋಟೊ ನೋಡು" ಎಂದಿದ್ದಳು. ನಿಜವಾಗಿಯೂ ಚಂದವಿತ್ತು. ಕತ್ತಲೆ ಕೋಣೆಯೊಂದರಲ್ಲಿ ಮೇಲಿನಿಂದ ಬೆಳಕಿನ ಎಳೆಗಳು ಜಡೆಯಂತೆ ಇಳಿಬಿದ್ದಿದ್ದವು. ಮಗಳು ಅವುಗಳ ಕೆಳಗೆ ಅಂಗಾತ ಮಲಗಿ, ಒಂದು ಎಳೆಯನ್ನು ಕೆನ್ನೆಗೆ ತಾಗಿಸಿಕೊಂಡು ಹತ್ತು ನಿಮಿಷ ಕಳೆದಳು. ಅವಳ ಉಸಿರು ನಿಧಾನವಾದದ್ದು ನನಗೆ ಕಾಣಿಸಿತು. ಅಷ್ಟಕ್ಕೇ ಮುಂಗಡ ಕೊಟ್ಟುಬಿಡೋಣ ಎನ್ನಿಸಿತ್ತು.

ಹೊರಗಿನ ಕೋಣೆಯಲ್ಲಿ ಎರಡು ವರ್ಷದ ಮಕ್ಕಳಿಗೆಂದು ಇಟ್ಟ ತಗ್ಗು ಮೇಜು. ಅದರ ತಟ್ಟೆಯಲ್ಲಿ ಬಣ್ಣಬಣ್ಣದ ನೀರಿನ ಮಣಿಗಳು, ವಾಟರ್ ಬೀಡ್ಸ್ ಎಂದು ಮಾರುವವು. ಒಣಗಿದ್ದಾಗ ಸಬ್ಬಕ್ಕಿಯಷ್ಟು ಚಿಕ್ಕವು, ನೀರು ಕುಡಿದರೆ ಗೋಲಿಯಷ್ಟು, ಕೆಲವು ಅದಕ್ಕಿಂತಲೂ ದೊಡ್ಡದಾಗಿ ಉಬ್ಬುತ್ತವೆ. ಮಗು ಚಿಕ್ಕದನ್ನು ನುಂಗಿದರೆ ಅದು ಕರುಳಿನಲ್ಲಿಯೇ ಉಬ್ಬಿ ದಾರಿ ಕಟ್ಟಬಹುದು. ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣಿಸುವುದೂ ಇಲ್ಲ. ಮಕ್ಕಳ ಆಟಿಕೆಯೆಂದು ಇವುಗಳನ್ನು ಮಾರುವುದನ್ನು ಅಮೆರಿಕದ ದೊಡ್ಡ ಮಾರಾಟ ಕಂಪನಿಗಳು 2023ರ ಕೊನೆಯಲ್ಲಿ ನಿಲ್ಲಿಸಿದವು. ನಾನು ಇದನ್ನು ಹೇಳಿದಾಗ ಅಲ್ಲಿಯ ಮ್ಯಾನೇಜರ್, "ವಿಷವಲ್ಲ ಮೇಡಂ, ಪ್ಯಾಕೆಟಿನ ಮೇಲೆ ಬರೆದಿದೆ" ಎಂದರು. ವಿಷವಾಗಬೇಕಾಗಿಯೇ ಇಲ್ಲ, ಉಬ್ಬಿದರೆ ಸಾಕು. ಅದೇ ಜಾರುವ, ತಂಪಾದ ಅನುಭವ ಬೇಕಿದ್ದರೆ ಕಾಮಕಸ್ತೂರಿ ಬೀಜವನ್ನು ನೆನೆಸಿ ಇಡಬಹುದಲ್ಲ, ಬಾಯಿಗೆ ಹೋದರೂ ಭಯವಿಲ್ಲ ಎಂದೆ. ಅವರು ಹೂಂ ಎಂದರು, ತಟ್ಟೆ ಅಲ್ಲೇ ಉಳಿಯಿತು.

ಮೂರು ವರ್ಷದೊಳಗಿನವರ ಆಟಿಕೆಗೆ ಒಂದು ಅಳತೆಯಿದೆ. 31.7 ಮಿಲಿಮೀಟರ್ ಅಗಲದ ಒಂದು ಸಿಲಿಂಡರ್. ಅದರೊಳಗೆ ಪೂರ್ತಿ ಇಳಿಯುವ ಯಾವುದೇ ವಸ್ತು ಉಸಿರು ಕಟ್ಟಿಸಬಹುದು ಎಂದು ಲೆಕ್ಕ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ನಾಣ್ಯಕ್ಕಿಂತ ಅರ್ಧ ಸೆಂಟಿಮೀಟರ್ ದೊಡ್ಡದಿರುವುದನ್ನೂ ನಾನು ಸಣ್ಣದೆಂದೇ ಎಣಿಸುತ್ತೇನೆ. ಪರ್ಸಿನಲ್ಲಿ ನಾಣ್ಯ ಹೇಗೂ ಇರುತ್ತದೆ, ಬೇರೆ ಉಪಕರಣ ಬೇಡ.

ಹೊರಡುವ ಮೊದಲು ನೆಲದ ಫೋಮ್ ಮ್ಯಾಟ್‌ನ ಒಂದು ಮೂಲೆಯನ್ನು ಎತ್ತಿ ನೋಡಿದೆ. ಕಪ್ಪು ಬೂಷ್ಟು, ಒದ್ದೆ ವಾಸನೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಕಪಾಟಿನ ಬಟ್ಟೆಗೂ ಬರುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯ ಮ್ಯಾಟ್ ಅಡಿಗೆ ಬರದಿದ್ದರೇ ಆಶ್ಚರ್ಯ. ಬಂದದ್ದನ್ನು ಯಾವಾಗ ಒರೆಸುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ಉತ್ತರ ಸಿಗಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದು ಎಲ್ಲಕ್ಕಿಂತ ದೊಡ್ಡದು. ಒಳಬರಲು ಒಂದೇ ಕಿರಿದಾದ ಮೆಟ್ಟಿಲು, ಹೊರಹೋಗಲೂ ಅದೇ. 2024ರ ಮೇ ತಿಂಗಳಲ್ಲಿ ಗುಜರಾತಿನ ರಾಜಕೋಟದಲ್ಲಿ ಆಟದ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಸುದ್ದಿಯನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ. ಫೋಮ್, ಪ್ಲಾಸ್ಟಿಕ್, ಬಲೆ, ಬಟ್ಟೆಗಳಿಂದಲೇ ಕಟ್ಟಿದ ಜಾಗಗಳಿವು. ಎರಡನೆಯ ಬಾಗಿಲು ಇಲ್ಲದ ಕಡೆ ನನ್ನ ಮಗುವನ್ನು, ಅದರಲ್ಲೂ ಬೇರೆಯವರ ಹದಿನಾರು ಮಕ್ಕಳನ್ನು ಕರೆದುಕೊಂಡು ಹೋಗಲಾರೆ.

ಮೂರನೆಯದು ಸಿಕ್ಕಿದ್ದು ಪ್ಲೇ ಸ್ಕೂಲಿನ ಟೀಚರ್ ಹೇಳಿ. ಒಂದು ಒಳರಸ್ತೆಯ ಹಳೆಯ ಹೆಂಚಿನ ಮನೆ. ಹೊರಗೆ ಬಣ್ಣದ ಹಲಗೆ ಕೂಡ ಇರಲಿಲ್ಲ. ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದ ಮಹಿಳೆಯೊಬ್ಬರು ನಡೆಸುತ್ತಾರೆ. ಬರುವವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ನಾನು ಏನಾದರೂ ಕೇಳುವ ಮೊದಲು ಅವರೇ ಕೇಳಿದರು: "ಮಗುವಿಗೆ ಜ್ವರ ಇಲ್ಲವಲ್ಲ? ಕೈಯಲ್ಲಿ, ಬಾಯಲ್ಲಿ ಗುಳ್ಳೆ?" ಮಳೆಗಾಲದಲ್ಲಿ ಪ್ಲೇ ಸ್ಕೂಲುಗಳಲ್ಲಿ ಕೈ, ಕಾಲು, ಬಾಯಿ ಗುಳ್ಳೆಯ ರೋಗ ಒಂದು ಮಗುವಿನಿಂದ ಇನ್ನೊಂದಕ್ಕೆ ಬೇಗ ಹಬ್ಬುತ್ತದೆ. ಆ ವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ಹಾಕಿ ತೊಳೆಯಲೇಬೇಕು. ಅವರ ಚಾವಡಿಯಲ್ಲಿ ಮಕ್ಕಳ ಸೊಂಟದೆತ್ತರಕ್ಕೆ ಒಂದು ನಲ್ಲಿ, ಪಕ್ಕದಲ್ಲಿ ಸೋಪು ಇತ್ತು. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನವಾಯಿತು.

ಒಳಗೆ ಸೂರಿನ ತೊಲೆಗೆ ಕಟ್ಟಿದ ಬಟ್ಟೆಯ ಜೋಲಿ, ಮರದ ಏಣಿಯ ತ್ರಿಕೋನ, ಮರಳು ತುಂಬಿದ ಸಣ್ಣ ಸಣ್ಣ ಚೀಲಗಳು, ತೆವಳಿ ಹೋಗುವ ಬಟ್ಟೆಯ ಸುರಂಗ, ತೆಂಗಿನ ನಾರು, ಗೋಣಿ, ರೇಷ್ಮೆ, ಉರುಟು ಕಲ್ಲುಗಳನ್ನು ಅಂಟಿಸಿದ ಬರಿಗಾಲಿನ ದಾರಿ. ಮೂಲೆಯಲ್ಲಿ ಕಡುನೀಲಿ ಬಟ್ಟೆಯ ಒಂದು ಗುಡಾರ. ಒಳಗೆ ದಪ್ಪ ಹೊದಿಕೆ, ಎರಡು ದಿಂಬು, ಬೇರೇನೂ ಇಲ್ಲ. "ಅದರೊಳಗೆ ಹೋದ ಮಗುವನ್ನು ಯಾರೂ ಕರೆಯಬಾರದು. ಅಮ್ಮನೂ ಕರೆಯಬಾರದು. ಇಲ್ಲಿಯ ನಿಯಮ ಇದೊಂದೇ" ಎಂದರು ಅಕ್ಕ. ಹಟ್ಟಿಯ ಹಿಂಭಾಗ ಸಿಕ್ಕಿತು ಎಂದುಕೊಂಡೆ.

ಆದರೂ ನಾಣ್ಯ ಹಿಡಿದು ಒಂದು ಸುತ್ತು ಬಂದೆ. ಕಪಾಟಿನಲ್ಲಿ, ಗುಳಿಗಳಿಗೆ ಬೀಜ ಹಾಕಿ ಆಡುವ ಚೆನ್ನೆಮಣೆ ಇತ್ತು, ಆಟಿ ತಿಂಗಳೆಂದು ಹೊರಗೆ ತೆಗೆದಿದ್ದರು. ಅದರ ಗುಳಿಗಳಲ್ಲಿ ಮಂಜಟ್ಟಿಯ ಕೆಂಪು ಬೀಜಗಳೊಂದಿಗೆ ಕಪ್ಪು ಚುಕ್ಕೆಯ ಕೆಲವು ಬೀಜಗಳೂ ಬೆರೆತಿದ್ದವು. ಗುಲಗಂಜಿ! ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಅದೇ ಚೆಂದದ ಬೀಜ. ಅದರೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಸಿಪ್ಪೆ ಗಟ್ಟಿಯಿರುವುದರಿಂದ ಹಾಗೆಯೇ ನುಂಗಿದರೆ ಕೆಲವೊಮ್ಮೆ ಏನೂ ಆಗದೆ ಹೋಗಬಹುದು, ಅಗಿದರೆ ಪ್ರಾಣಕ್ಕೇ ಸಂಚಕಾರ. ತೋರಿಸಿದೆ. ಅಕ್ಕನ ಮುಖ ಬಿಳುಚಿಕೊಂಡಿತು. "ಊರಿನಿಂದ ಅಮ್ಮ ಕಳುಹಿಸಿದ್ದು, ನಾನು ನೋಡಲೇ ಇಲ್ಲ" ಎಂದವರು ಇಡೀ ಮಣೆಯನ್ನು ಮೊರಕ್ಕೆ ಸುರಿದು ಅಲ್ಲೇ ನೆಲದಲ್ಲಿ ಕುಳಿತು ಒಂದೊಂದಾಗಿ ಆರಿಸಿದರು. ಒಂಬತ್ತು ಸಿಕ್ಕಿದವು. ಕಾಗದದಲ್ಲಿ ಕಟ್ಟಿ ತೆಗೆದರು. ಮಂಜಟ್ಟಿಯನ್ನೂ ಕಪಾಟಿನ ಮೇಲಿನ ಹಲಗೆಗೆ ಏರಿಸಿದರು, ಆರು ದಾಟಿದವರಿಗೆ ಮಾತ್ರ ಎಂದರು. ತಪ್ಪು ತೋರಿಸಿದಾಗ ವಾದ ಮಾಡದೆ ನೆಲಕ್ಕೆ ಕುಳಿತ ಆ ಒಂದು ಗಳಿಗೆಯಲ್ಲಿ ನನ್ನ ಆಯ್ಕೆ ಮುಗಿದಿತ್ತು.

ಮ್ಯಾಟ್ ಎತ್ತಲು ನಾನು ಹೇಳಬೇಕಾಗಲಿಲ್ಲ, ಅವರೇ ಎತ್ತಿ ತೋರಿಸಿದರು. ಅಲ್ಲಲ್ಲಿ ತೇವವಿತ್ತು, ಬೂಷ್ಟು ಇರಲಿಲ್ಲ. ಸೋಮವಾರ ರಜೆ ಇಟ್ಟು ಎಲ್ಲವನ್ನೂ ಎತ್ತಿ ಒರೆಸಿ, ಫ್ಯಾನ್ ಹಾಕಿ ಒಣಗಿಸುತ್ತಾರೆ. ಚೆಂಡುಗಳ ತೊಟ್ಟಿ ಯಾಕಿಲ್ಲ ಎಂದು ಗಂಡ ಕೇಳಿದರು. ಸಾವಿರ ಚೆಂಡುಗಳನ್ನು ಮಳೆಗಾಲದಲ್ಲಿ ತೊಳೆದು ಒಣಗಿಸಲು ತನ್ನಿಂದಾಗದು, ತೊಳೆಯದೆ ಇಡಲು ಮನಸ್ಸಿಲ್ಲ ಎಂಬ ಉತ್ತರ ಬಂತು. ಅಮೆರಿಕದ ಜಾರ್ಜಿಯಾದಲ್ಲಿ ಫಿಸಿಯೋಥೆರಪಿ ಕೇಂದ್ರಗಳ ಚೆಂಡಿನ ತೊಟ್ಟಿಗಳನ್ನು ಪರೀಕ್ಷಿಸಿದವರು ಅವುಗಳಲ್ಲಿ ರೋಗ ತರಬಲ್ಲ ಬ್ಯಾಕ್ಟೀರಿಯಾಗಳು ಮನೆ ಮಾಡಿದ್ದನ್ನು 2019ರಲ್ಲಿ ಪ್ರಕಟಿಸಿದ್ದರು, ಹಾಗಾಗಿ ಆ ಉತ್ತರ ನನಗೆ ಒಪ್ಪಿಗೆಯಾಯಿತು. ಬಾಗಿಲು ಎರಡು: ಮುಂದೆ ಚಾವಡಿಯದು, ಹಿಂದೆ ಅಡುಗೆಮನೆಯದು. ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿತ್ತು. ಒಂದೇ ಒಂದು ಕೊರತೆ, ಚಾವಡಿಯಿಂದ ಒಳಗೆ ಇಳಿಯುವ ಕಡೆ ಕೆಂಪು ಸಿಮೆಂಟಿನ ನುಣುಪಾದ ಮೆಟ್ಟಿಲು. ಒದ್ದೆ ಕಾಲಿಗೆ ಜಾರುತ್ತದೆ. ಅದನ್ನೂ ಹೇಳಿದೆ, ಅವರು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡರು.

ಮಗುವೊಂದಕ್ಕೆ 650 ರೂಪಾಯಿ, ಎರಡು ಗಂಟೆ ಇಡೀ ಮನೆ ನಮಗೇ. ತಿಂಡಿ ನಮ್ಮದು. ಮಾಲ್‌ನಲ್ಲಿ 1,100 ಕೇಳಿದ್ದರು, ಅದೂ ಬೇರೆ ಮಕ್ಕಳ ನಡುವೆಯೇ. ಮುಂಗಡ ಕೊಟ್ಟು ಮಾತು ಮುಗಿಸಿದೆವು. ಸ್ಪೀಕರ್ ಬೇಡ. ರಬ್ಬರ್ ಬಲೂನ್ ಬೇಡ. ಒಡೆದ ಸದ್ದಿನ ಭಯ ಒಂದು, ಒಡೆದ ಚೂರು ಗಂಟಲಿಗೆ ಅಂಟಿದರೆ ತೆಗೆಯುವುದು ಬಲು ಕಷ್ಟ ಎಂಬುದು ಇನ್ನೊಂದು. ಮೇಣದಬತ್ತಿ ಹಚ್ಚುವುದಿದ್ದರೆ ಹೊರಗಿನ ಜಗಲಿಯಲ್ಲಿ. ಮೊದಲು ಆಟ, ಆಮೇಲೆ ಕೈ ತೊಳೆದು ತಿಂಡಿ. ತಿಂದು ಜೋಲಿ ಏರಿದರೆ ವಾಂತಿ ಖಚಿತ. ಕರೆಯುವಾಗಲೇ ಪ್ರತಿಯೊಬ್ಬರಿಗೂ ಎರಡು ವಿಷಯ ಬರೆದೆ: ಮಗುವಿಗೆ ಕಡಲೆಕಾಯಿಯೋ ಗೋಡಂಬಿಯೋ ಆಗದಿದ್ದರೆ ತಿಳಿಸಿ, ಜ್ವರವೋ ಗುಳ್ಳೆಯೋ ಇದ್ದರೆ ದಯವಿಟ್ಟು ಬರಬೇಡಿ, ಕೇಕ್ ನಾವೇ ಮನೆಗೆ ತಂದು ಕೊಡುತ್ತೇವೆ.

ಹುಟ್ಟುಹಬ್ಬದ ದಿನ ಭಾರಿ ಮಳೆಯ ಮುನ್ಸೂಚನೆಯಿಂದ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿದೆ ಎಂದು ಸುರತ್ಕಲ್ ಕಡೆಯವರು ಫೋನ್ ಮಾಡಿದರು. ಹದಿನಾರರಲ್ಲಿ ಹನ್ನೊಂದು ಮಕ್ಕಳು ಬಂದರು. ಮಗಳು ಒಳಗೆ ಬಂದವಳೇ ನೇರವಾಗಿ ನೀಲಿ ಗುಡಾರಕ್ಕೆ ಹೋದಳು. ಬಟ್ಟೆಯ ಸೆರಗು ಅವಳ ಹಿಂದೆ ಮುಚ್ಚಿಕೊಂಡಿತು. ಐದು ನಿಮಿಷ, ಹತ್ತು ನಿಮಿಷ. ಬಂದವರು, "ಎಲ್ಲಿ ಹುಟ್ಟುಹಬ್ಬದ ಹುಡುಗಿ?" ಎಂದು ಕೇಳುತ್ತಿದ್ದರು. ಕರೆಯಬೇಕೆಂದು ನನ್ನ ಬಾಯಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ. ಅಕ್ಕ ದೂರದಿಂದಲೇ ನನ್ನನ್ನು ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಗೆ ಹೆದರುತ್ತಾಳೋ ಎಂದು ನನ್ನ ಎದೆ ಹಾರಿತು. ಮಾಡಿನ ನಡುವೆ ಹಾಕಿದ್ದ ನಾಲ್ಕು ಗಾಜಿನ ಹೆಂಚುಗಳಿಂದ ಮಳೆಯ ಬೆಳಕು ನೆಲಕ್ಕೆ ಇಳಿಯಿತು. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಆ ಸದ್ದು ಅವಳಿಗೆ ಎಂದೂ ತೊಂದರೆ ಕೊಟ್ಟದ್ದಿಲ್ಲ. ಯಾವಾಗ ಬರುತ್ತದೆ ಎಂದು ತಿಳಿಯದ ಸದ್ದು ಮಾತ್ರ ಅವಳನ್ನು ಬೆದರಿಸುವುದು.

ಅತ್ತೆ ಹೊರೆಯೊಂದನ್ನು ಬಿಚ್ಚಿದರು. ಬೇಸಿಗೆಯಲ್ಲಿ ಒಣಗಿಸಿ ಅಟ್ಟದಲ್ಲಿ ಇಟ್ಟಿದ್ದ ಮೂರು ಅಡಿಕೆ ಹಾಳೆಗಳನ್ನು ಪುತ್ತೂರಿನಿಂದ ಬಸ್ಸಿನಲ್ಲಿ ತಂದಿದ್ದರು. ಹಿಂದಿನ ರಾತ್ರಿ ನಮ್ಮ ಬಚ್ಚಲಿನಲ್ಲಿ ನೆನೆಸಿ ಮೆದು ಮಾಡಿದ್ದರು. ಅಕ್ಕ ಕತ್ತರಿ ತಂದು ಅಂಚಿನ ಚೂಪುಗಳನ್ನು ಕತ್ತರಿಸಿದರು, ಎಳೆಯಲು ಬಟ್ಟೆಯ ಪಟ್ಟಿ ಕಟ್ಟಿದರು. ಅತ್ತಿಗೆಯರ ಹತ್ತು, ಹನ್ನೊಂದು ವರ್ಷದ ಮೂವರು ಮಕ್ಕಳು ಬಂದಿದ್ದರಲ್ಲ, ಅವರನ್ನು ಚಿಕ್ಕವರ ನಡುವೆ ಹೇಗೆ ಬಿಡುವುದು ಎಂಬ ಚಿಂತೆ ನನಗಿತ್ತು. ಅವರೇ ಎತ್ತುಗಳಾದರು. ಚಿಕ್ಕವರು ಸರದಿಯಲ್ಲಿ ನಿಂತು ಹಾಳೆ ಏರಿದರು.

ಗುಡಾರದ ಸೆರಗಿನಿಂದ ಎರಡು ಕಣ್ಣು ಕಂಡವು. ಆಮೇಲೆ ಅವಳೇ ಬಂದಳು. ಹಾಳೆಯಲ್ಲಿ ಕೂರುತ್ತಾಳೆಂದು ಎಲ್ಲರೂ ಜಾಗ ಬಿಟ್ಟರು. ಅವಳಿಗೆ ಕೂರುವುದು ಬೇಡ, ಎಳೆಯಬೇಕು. ಪಕ್ಕದ ಮನೆಯ ಹುಡುಗ ಕೂತ. ಅವಳು ಪಟ್ಟಿಯನ್ನು ಎರಡೂ ಕೈಗೆ ಸುತ್ತಿಕೊಂಡು, ಹಿಂದಕ್ಕೆ ವಾಲಿ, ಬರಿಗಾಲಿನ ಬೆರಳುಗಳನ್ನು ಮ್ಯಾಟ್‌ಗೆ ಊರಿ ಎಳೆದಳು. ಮೊದಲು ಅಲುಗಲಿಲ್ಲ. ಮತ್ತೆ ಎಳೆದಳು. ಹಾಳೆ ಸರ್ರನೆ ಒಂದು ಗೇಣು ಜಾರಿತು. "ಭಾರ ಉಂಟು!" ಎಂದಳು. ಮುಖ ಕೆಂಪಾಗಿತ್ತು. ಗೋಡೆಯಿಂದ ಗೋಡೆಗೆ ಎಳೆದಳು, ತಿರುಗಿಸಿದಳು, ಮತ್ತೆ ಎಳೆದಳು. ಇನ್ನೊಬ್ಬರು, ಮತ್ತೊಬ್ಬರು, ಕೊನೆಗೆ ಒಂದು ಮರಳಿನ ಚೀಲದ ಜೊತೆಗೆ ಒಂದು ಮಗು. ಅರ್ಧ ಗಂಟೆ ಕಳೆದ ಮೇಲೆ ತಾನೂ ಒಮ್ಮೆ ಏರಿ ಕುಳಿತಳು, ಅಜ್ಜಿಯೇ ಎಳೆಯಬೇಕೆಂದು ಹಟ ಹಿಡಿದು.

ಜಗಲಿಯಲ್ಲಿ ಕೇಕ್ ಇಟ್ಟಾಗ ಮಕ್ಕಳೆಲ್ಲ ಪಿಸುದನಿಯಲ್ಲಿ ಶುಭಾಶಯ ಹಾಡಿದರು. ಅದನ್ನು ಅಕ್ಕ ಮೊದಲೇ ಕಲಿಸಿದ್ದರು, ಮಕ್ಕಳಿಗೆ ಅದೊಂದು ಗುಟ್ಟಿನ ಆಟದಂತೆ ರುಚಿಸಿತ್ತು. ಮಳೆಯ ಸದ್ದಿನಲ್ಲಿ ಹಾಡು ಕೇಳಿಸಿದ್ದು ಅಷ್ಟಕ್ಕಷ್ಟೇ. ಮಗಳು ಕಿವಿಗೆ ಕೈ ಹಚ್ಚಲಿಲ್ಲ. ಮೇಣದಬತ್ತಿಯನ್ನು ಊದಿದಳು. ಆಮೇಲೆ ಗೋಳಿಬಜೆ, ಮೂಡೆ, ಅವಳಿಗೆ ಪ್ರಿಯವಾದ ಹಾಲುಬಾಯಿ.

ಈಗ ಪ್ರತಿ ಬುಧವಾರ ಮಧ್ಯಾಹ್ನ ಹೋಗುತ್ತೇವೆ, ಆ ಹೊತ್ತಿಗೆ ಜನ ಕಡಿಮೆ. ಹಾಳೆಗಳು ಅಲ್ಲೇ ಉಳಿದಿವೆ, ಒಂದು ಒಡೆದು ಅತ್ತೆ ಹೊಸದನ್ನು ಕಳುಹಿಸಿದ್ದಾರೆ. ಹುಟ್ಟುಹಬ್ಬದ ಮರುವಾರ ಹೋದಾಗ ಕೆಂಪು ಮೆಟ್ಟಿಲಿನ ಅಂಚಿಗೆ ಮರಳು ಕಾಗದದಂಥ ಹಳದಿ ಪಟ್ಟಿ ಅಂಟಿಸಿದ್ದರು. ಮಗಳು ಚಪ್ಪಲಿ ಬಿಟ್ಟು ಅದರ ಮೇಲೆ ಒಂದು ಕಾಲಿಟ್ಟಳು, ಹಿಂದೆ ತೆಗೆದಳು, ಮತ್ತೆ ಇಟ್ಟಳು. "ಅಮ್ಮ, ಇದು ಬೆಕ್ಕಿನ ನಾಲಗೆಯ ಹಾಗೆ ಉಂಟು" ಎಂದು ಹೇಳಿ, ನನ್ನ ಕಾಲನ್ನೂ ಅದರ ಮೇಲೆ ಇಡಿಸಿದಳು.